ಕಿಟಕಿ ಲೆಕ್ಕ

ಹೋದ ವರ್ಷದ ಹಿಂದಿನ ವರ್ಷ ಬಂದ ಜ್ವರ
ಮೂಗನ್ನು ಮುಖದ ಮೇಲೇ ಬಿಟ್ಟು
ಅದರ ಕೆಲಸವನ್ನಷ್ಟೇ ಹೊತ್ತುಕೊಂಡು ಹೋಯಿತು.
ಕಾಫಿ ಅಂದರೆ ಬಿಸಿನೀರು. ಒಗ್ಗರಣೆ ಬರೀ ಸದ್ದು.
ಗೊಬ್ಬರಗುಂಡಿಯಲ್ಲಿ ಮೊಣಕಾಲುದ್ದ ನಿಂತರೂ
ಕೆಮ್ಮಣ್ಣು ಅಗೆದಷ್ಟೇ ನೆಮ್ಮದಿ.

ನೆಮ್ಮದಿ ನನಗೆ. ಊರಿಗಲ್ಲ.

ಬಾಡಿಗೆ ಟ್ರೇಲರ್ ಕಾಯುವುದಿಲ್ಲವೆಂದು
ಮಟಮಟ ಮಧ್ಯಾಹ್ನ ಏಳು ಲೋಡು
ಹಳಿ ಪಕ್ಕದ ಜೋಳದ ಹೊಲಕ್ಕೆ ಹೊಡೆಸಿ
ಹೆಡಿಗೆ ಹೆಡಿಗೆ ಚೆಲ್ಲಿ, ಕೈ ತೊಳೆದು ಉಣ್ಣಲು ಹೋದೆ.
ಉಳುಮೆ ನಾಳೆ ಅಂದೆ.
ನಾಳೆ ನಾಡಿದ್ದಾಯಿತು.

ನಾಡಿದ್ದು ಆನಂದಪುರದ ಕಡೆಯಿಂದ ರೈಲು ಬಂತು.
ಮೊದಲ ಬೋಗಿಯ ಕಿಟಕಿ ಬಿತ್ತು. ಅದರ ಪಕ್ಕದ್ದು.
ಅದರಾಚೆಯದು.
ಟಪ ಟಪ ಟಪ ಟಪ
ಯಾರೋ ಸೋತ ಸಿಟ್ಟಿಗೆ ಇಸ್ಪೀಟೆಲೆ ಕುಕ್ಕಿದ ಹಾಗೆ.
ಬಾಗಿಲಲ್ಲಿ ನಿಂತಿದ್ದ ಹುಡುಗ ಟವೆಲಿನಿಂದ ಮೂಗು ಮುಚ್ಚಿ
ನನ್ನ ಕಡೆ ಕೈ ಮಾಡಿ ಏನೋ ಕೂಗಿದ.
ನಾನೂ ಕೈ ಬೀಸಿದೆ. ಒಳ್ಳೆಯ ಹುಡುಗ.

"ಬೈದದ್ದು ಅದು" ಅಂದಳು ದ್ಯಾವಮ್ಮ.

ಹಳಿಯಾಚೆ ನೂರ್‌ಜಾನ್ ಬಟ್ಟೆ ಹೊಲಿಯುತ್ತಾಳೆ.
ಜಗಳಕ್ಕೆ ಬರುವ ಹೆಂಗಸಲ್ಲ.
ಯಾರದೋ ಮದುವೆಯ ರವಿಕೆ ತಂದು
ಮುಖಕ್ಕೆ ಹಿಡಿದು "ನೋಡಿ" ಅಂದಳು.
ನೋಡಿದೆ. ನೀಲಿ. ಚೆನ್ನಾಗಿತ್ತು.
"ಮೂಸಿ" ಅಂದಳು.
ಮೂಸಿದೆ. ನೀಲಿಯೇ.

ಆ ರಾತ್ರಿ ದ್ಯಾವಮ್ಮ ರೊಟ್ಟಿ ತಟ್ಟುತ್ತ ಲೆಕ್ಕ ಹೇಳಿದಳು:
ನಾತ ಅಂದರೆ ಏನಂದುಕೊಂಡಿರಿ,
ಗೊಬ್ಬರದ ಸತ್ವ ಎದ್ದು ಹೋಗುವುದು.
ಬಿಸಿಲಲ್ಲಿ ಚೆಲ್ಲಿ ಬಿಟ್ಟವನು ಗಾಳಿಗೆ ಬಡಿಸಿದ,
ಸಂಜೆ ಚೆಲ್ಲಿ ಕೂಡಲೇ ಮುಚ್ಚಿದವನು ಬೇರಿಗೆ.
ನಿಮ್ಮ ಏಳು ಲೋಡಿನಲ್ಲಿ ಎರಡೋ ಮೂರೋ
ಟಿಕೇಟಿಲ್ಲದೆ ರೈಲು ಹತ್ತಿ ಹೋದವು.

ಹೌದು, ಆ ವರ್ಷ ಜೋಳ ಹಳದಿಗಿತ್ತು.

ಮೂಗಿಲ್ಲದವನಿಗೆ ಬೇರೆ ಗುರುತು ಬೇಕು.
ಕಣ್ಣು ಚುರುಗುಟ್ಟಿತೋ, ಆಗಲೇ ತಡ.
ನೂರ್‌ಜಾನಳ ತಂತಿಯ ಮೇಲಿನ ಲಂಗ
ನಮ್ಮ ಕಡೆ ಕಾಲು ಚಾಚಿದರೆ ಹೆಡಿಗೆ ಎತ್ತಬಹುದು,
ಅವಳ ಕದದ ಕಡೆ ಚಾಚಿದರೆ ಕೂತಿರಬೇಕು.
ಇರುವೆ ಮೊಟ್ಟೆ ಹೊತ್ತು ಅಂಚು ಏರಿದರೆ ಮಳೆ,
ತುಂತುರೋ ಜಡಿಯೋ ಇರುವೆಗೂ ಗೊತ್ತಿಲ್ಲ.
ತುಂತುರಾದರೆ ಸತ್ವವನ್ನು ಮಣ್ಣಿಗಿಳಿಸುತ್ತದೆ,
ಜಡಿ ಹಿಡಿದರೆ ಹಳ್ಳದ ಮೀನಿಗೆ ಬಡಿಸಿದಂತೆ.
ಮತ್ತೆ ರೈಲು ಇದ್ದೇ ಇದೆ:
ಎಷ್ಟು ಕಿಟಕಿ ತೆರೆದಿವೆ, ಎಷ್ಟು ಮುಚ್ಚಿವೆ,
ಬೇರೆಯವರ ಮೂಗುಗಳ ಉದ್ದನೆಯ ಸಾಲು.

ಈ ಸಲ ಭರಣಿ ಕಾಲಿಟ್ಟ ಮೂರನೇ ದಿನ
ಬಿಸಿಲು ಇಳಿಯುವವರೆಗೆ ಸುಮ್ಮನೆ ಕೂತು
ಕೆರಿಯಪ್ಪನ ಟಿಲ್ಲರ್ ಬಂದ ಮೇಲೇ ಗುಂಡಿಗೆ ಕೈ ಹಾಕಿದೆ.
ವರ್ಷ ಪೂರ್ತಿ ಕಳಿತ ಗೊಬ್ಬರ, ಕೈಯಲ್ಲಿ ಕಾಫಿಪುಡಿ.
ಮುಂದೆ ನಾನು, ದ್ಯಾವಮ್ಮ, ಹೆಡಿಗೆ,
ಹಿಂದೆಯೇ ಟಿಲ್ಲರು.
ಬಿದ್ದದ್ದು ಬಿದ್ದಲ್ಲೇ ಮಣ್ಣೊಳಗೆ. ಲಂಗ ನಮ್ಮ ಕಡೆಗೇ.
"ಹೇಗಿದೆ?" ಅಂದೆ. "ಏನು?" ಅಂದಳು.
ಅಷ್ಟು ಸಾಕಿತ್ತು. ಆದರೂ ಸಾಕ್ಷಿ ಬೇಕು ನನಗೆ,
ಹಳಿಯ ಕಡೆ ನೋಡುತ್ತ ನಿಂತೆ.

ಬಂತು.
ಮೊದಲ ಕಿಟಕಿ ಬಿತ್ತು.
ಅದರ ಪಕ್ಕದ್ದು. ಟಪ ಟಪ ಟಪ
ಇಡೀ ಬೋಗಿ, ಅದರ ಹಿಂದಿನ ಬೋಗಿ.
ಹೆಡಿಗೆ ಕೈಯಿಂದ ಜಾರಿತು.
ಇಷ್ಟೆಲ್ಲ ಕಾದು, ಇಷ್ಟೆಲ್ಲ ನೋಡಿ!

ಕೆರಿಯಪ್ಪ ಟಿಲ್ಲರ್ ಆರಿಸಿ ಮೇಲೆ ನೋಡಿದ.
ಒಂದು ಹನಿ ನನ್ನ ಮೊಣಕೈ ಮೇಲೆ,
ಇನ್ನೊಂದು ಅವನ ಬೀಡಿಯ ಮೇಲೆ, ಚುಂಯ್.
ದ್ಯಾವಮ್ಮ ಸೆರಗು ಹೊದ್ದು ಆಗಲೇ ಓಡುತ್ತಿದ್ದಳು.

ಮುಚ್ಚಿದ್ದು ಮಳೆಗೋ, ನನಗೋ?

ಕೊನೆಯ ಬೋಗಿಯಲ್ಲಿ ಒಂದೇ ಕಿಟಕಿ ತೆರೆದಿತ್ತು.
ಬಳೆ ತೊಟ್ಟ ಕೈಯೊಂದು ಹೊರಗೆ,
ಅಂಗೈ ಆಕಾಶಕ್ಕೆ.

ಈ ಸಲ ನಾನು ಕೈ ಬೀಸಲಿಲ್ಲ.
ಯಾರಿಗೆ ಗೊತ್ತು.